ಪಂಚನಾಮೆಯಲ್ಲಿಲ್ಲದ ಪಕ್ಕೆ

೨೦೨೫ರ ಏಪ್ರಿಲ್ ೮, ಮಂಗಳವಾರ, ಬೆಳಿಗ್ಗೆ ಎಂಟೂಕಾಲು. ಆ ದಿನದ ಮೊದಲ ದೂರು ಠಾಣೆಗೆ ಗೋಣಿಚೀಲದಲ್ಲಿ ಬಂತು. ದುರ್ಗೇಶ ಅದನ್ನು ಎಳೆದುಕೊಂಡು ಬಂದವನೇ ರೈಟರ್ ಮೇಜಿನ ಮೇಲೆ ಬೋರಲು ಸುರಿದ. ಮೀಸೆ ಹೊತ್ತ, ಮೊಳದುದ್ದದ ಕಪ್ಪು ಮೀನುಗಳು ಜಾರಿ ಕೀಬೋರ್ಡಿನ ಮೇಲೆ, ಫೈಲುಗಳ ಮೇಲೆ, ಒಂದಂತೂ ನೇರ ರೈಟರ್ ತೊಡೆಯ ಮೇಲೆ ಬಿದ್ದಿತು. ರೈಟರ್ "ಅಯ್ಯಯ್ಯಪ್ಪಾ!" ಎನ್ನುತ್ತ ಕುರ್ಚಿ ಸಮೇತ ಗೋಡೆಗೆ ಹೋಗಿ ಬಡಿದುಕೊಂಡ.

ಇನ್ಸ್‌ಪೆಕ್ಟರ್ ಸಾಲೇಹಾ ಒಳಕೋಣೆಯಿಂದ ಹೊರಬಂದಳು. ಶಿವಾಜಿನಗರದ ಮಾರ್ಕೆಟ್ ಬೀದಿಯಲ್ಲಿ ಹುಟ್ಟಿ ಬೆಳೆದವಳಿಗೆ ಮೀನಿನ ವಾಸನೆ ಹೊಸದೇನಲ್ಲ. ಆದರೆ ತನ್ನ ಠಾಣೆಯಲ್ಲಿ ಯಾರಾದರೂ ಗಲಾಟೆ ಎಬ್ಬಿಸಿದರೆ ಅವಳ ಪಿತ್ತ ನೆತ್ತಿಗೇರುತ್ತಿತ್ತು.

"ಏನಿದು?"

"ಸೊಪ್ಪಿನಕುಂಟೆ ಮೀನು, ಮೇಡಂ. ಮೀನು ಹಿಡಿಯೋ ಗುತ್ತಿಗೆ ನಂದು. ಎಲ್ಲಾ ಸತ್ತು ತೇಲ್ತಾ ಇದೆ. ನೀರ ಮೇಲೆ ಇಷ್ಟೆತ್ತರ ನೊರೆ. ಆ ಅಪಾರ್ಟ್‌ಮೆಂಟ್ ನನ್ಮಕ್ಳು ಗಲೀಜು ನೀರು ಬಿಟ್ಟಿದಾರೆ."

"ಬಿಟ್ಟಿದ್ದು ಯಾರು? ಹೆಸರು ಹೇಳು."

"ಚಂದ್ರಾಮಪ್ಪ ಅಂತ. ಅಲ್ಲಿ ಕೊಳಚೆ ನೀರು ಶುದ್ಧ ಮಾಡೋ ಮಿಷನ್ ನೋಡ್ಕೊಳ್ಳೋನು. ಗುಲ್ಬರ್ಗಾ ಕಡೆಯೋನು."

"ಬಿಟ್ಟಿದ್ದನ್ನ ನೋಡಿದವರು?"

"ಊರಿಗೆಲ್ಲ ಗೊತ್ತು, ಮೇಡಂ."

"ಊರು ಕಟಕಟೆಗೆ ಬಂದು ನಿಲ್ಲಲ್ಲ. ಅವನೀಗ ಎಲ್ಲಿದಾನೆ?"

ದುರ್ಗೇಶ ಒಮ್ಮೆ ಬಾಗಿಲ ಕಡೆ ನೋಡಿ, "ಎಲ್ಲೂ ಹೋಗಲ್ಲ ಬಿಡಿ. ಮರಕ್ಕೆ ಕಟ್ಟಾಕಿದೀವಿ" ಎಂದ.

ಸಾಲೇಹಾ ಆಗಲೇ ಜೀಪಿನ ಕಡೆ ನಡೆದಿದ್ದಳು.

ಹೊರಮಾವಿನ ಆಚೆ, ಅಪಾರ್ಟ್‌ಮೆಂಟುಗಳ ಬೆನ್ನಿಗೆ ಅಂಟಿಕೊಂಡಿತ್ತು ಸೊಪ್ಪಿನಕುಂಟೆ. ಬೇಸಿಗೆಗೆ ಬತ್ತಿ ಒಂದೆಕರೆಯಷ್ಟು ಮಂಡಿಯುದ್ದ ನೀರು ಉಳಿದಿತ್ತು. ಅದರ ದಂಡೆಯ ಹೊಂಗೆಮರಕ್ಕೆ ಚಂದ್ರಾಮಪ್ಪನನ್ನು ಬಲೆಯ ಹಗ್ಗದಿಂದ ಬಿಗಿದಿದ್ದರು. ತಲೆ ಎದೆಗೆ ಜೋತುಬಿದ್ದಿತ್ತು, ಎಡಗಣ್ಣು ಇದ್ದ ಜಾಗದಲ್ಲಿ ಊದಿದ ಮಾಂಸ ಕಾಣುತ್ತಿತ್ತು. ಸುತ್ತ ಐವತ್ತು ಜನ ಇದ್ದರು, ಅದರಲ್ಲಿ ಅರ್ಧಕ್ಕರ್ಧ ಮೊಬೈಲ್ ಎತ್ತಿ ಹಿಡಿದಿದ್ದರು. ಹಗ್ಗ ಬಿಚ್ಚುವುದಕ್ಕೆ ಮಾತ್ರ ಒಂದು ಕೈಯೂ ಬಿಡುವಾಗಿರಲಿಲ್ಲ. ಅವನ ಹೆಂಡತಿ ಜಟ್ಟೆಮ್ಮ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದಳು.

ಹೆಡ್ ಕಾನ್‌ಸ್ಟೇಬಲ್ ಮುತ್ತಣ್ಣ ಹಗ್ಗ ಕೊಯ್ದ. ಗಾಯಾಳುವನ್ನು ಪೊಲೀಸ್ ವಾಹನದಲ್ಲೇ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಸಾಗಿಸಿದರು.

ಅಂದು ಎರಡು ಎಫ್‌ಐಆರ್ ದಾಖಲಾದವು. ದುರ್ಗೇಶನ ದೂರಿನ ಮೇರೆಗೆ ಒಂದು, ಕೆರೆಯ ನೀರು ಕೆಡಿಸಿ ಮೀನು ಕೊಂದದ್ದಕ್ಕೆ. ಅದರಲ್ಲಿ ಮೊದಲನೇ ಆರೋಪಿ ಚಂದ್ರಾಮಪ್ಪ. ಇನ್ನೊಂದು ಅವನನ್ನು ಹೊಡೆದವರ ಮೇಲೆ, ಕೊಲೆ ಯತ್ನಕ್ಕೆ. ಅದರಲ್ಲಿ ದುರ್ಗೇಶನ ಹೆಸರು ಮೇಲಿತ್ತು. ಮೊಬೈಲು ಎತ್ತಿ ಹಿಡಿದವರೇ ಅವನ ಮುಖವನ್ನು ಚೆನ್ನಾಗಿ ಸೆರೆಹಿಡಿದುಕೊಟ್ಟಿದ್ದರು. ದೂರು ಕೊಡಲು ಬಂದವನು ಠಾಣೆಯಲ್ಲೇ ಉಳಿದ. ಆದರೆ ಚಂದ್ರಾಮಪ್ಪನೂ ಆರೋಪಿಯೇ ತಾನೇ? ನಿಯಮದಂತೆ ಅವನ ಮಂಚದ ಪಕ್ಕ ಒಂದು ಕುರ್ಚಿ ಹಾಕಿ ಕಾನ್‌ಸ್ಟೇಬಲ್ ಒಬ್ಬನನ್ನು ಕೂರಿಸಿದರು. ಅರೆ ಎಚ್ಚರದಲ್ಲಿರುವ ಮನುಷ್ಯ ಓಡಿಹೋದಾನೆಂಬ ಭಯ ಸರ್ಕಾರಕ್ಕೆ.

ಹನ್ನೊಂದು ಗಂಟೆಗೆ ಕೆರೆಯ ದಂಡೆಯಲ್ಲಿ ಪಂಚನಾಮೆ ಶುರುವಾಯಿತು. ಪಂಚರಾಗಿ ಇಬ್ಬರು ನಿಂತರು. ಮುತ್ತಣ್ಣ ಒಂದೊಂದು ಜಾತಿಯ ಮೀನೆತ್ತಿ ಕೂಗುವುದು, ರೈಟರ್ ಬರೆದುಕೊಳ್ಳುವುದು. ಜಾತಿ ಗುರುತಿಸಲೆಂದು ದುರ್ಗೇಶನನ್ನೂ ಕರೆತಂದಿದ್ದರು.

"ಜಿಲೇಬಿ. ಕೊರವ. ಇದು ಕರೀದು, ಮೀಸೆದು. ಏನಯ್ಯಾ ಇದರ ಹೆಸರು?"

"ಅದನ್ನ ಸುಮ್ನೆ ಕ್ಯಾಟ್‌ಫಿಶ್ ಅಂತ ಬರ್ಕೊಳ್ಳಿ ಸಾರ್. ಆಫ್ರಿಕನ್ ಅಂತೆಲ್ಲ ಯಾಕೆ?"

"ಓಹೋ! ಸಾಕಬಾರದು ಅಂತ ಸರ್ಕಾರ ಹೇಳಿರೋ ಮೀನಿದು. ರೈಟರ್ರೇ, ಆಫ್ರಿಕನ್ ಅಂತ ದಪ್ಪಕ್ಷರದಲ್ಲಿ ಬರೀರಿ."

ನೊರೆ ಮಾತ್ರ ಬೆಳ್ಳಗೆ ದಂಡೆಗೆ ಬಂದು ಬಡಿಯುತ್ತಿತ್ತು. ನೀರು, ನೊರೆ, ಮೀನಿನ ಮಾದರಿಗಳನ್ನು ಸೀಲ್ ಮಾಡುತ್ತಿದ್ದಾಗ ಗಂಗಲಕ್ಷ್ಮಮ್ಮ ಬಂದರು. ಇವರದು ಕೆರೆಯ ಎದುರಿನ ಹಳೇ ಮನೆ. ಕೆರೆ ಉಳಿಸುವ ಸಮಿತಿಗೆ ಅಧ್ಯಕ್ಷೆ. ಮೀನುಮರಿ ಸಾಕುವ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಹೊರಮಾವು ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಈ ನೀರು ನೋಡಿದವರು ಅಂತ ಊರವರಿಗೆಲ್ಲ ಅವರ ಮೇಲೆ ಗೌರವ, ಅದರ ಜೊತೆಗೆ ಸ್ವಲ್ಪ ಹೆದರಿಕೆ.

"ಬರ್ಕೊಳ್ಳಿ, ಚೆನ್ನಾಗಿ ಬರ್ಕೊಳ್ಳಿ. ಮೇಲ್ಗಡೆ ಇರೋರು ಫ್ಲಶ್ ಎಳೀತಾರೆ, ಕೆಳಗಡೆ ಇರೋ ದರಿದ್ರ ದುರ್ಗೇಶ ಕರೀ ಪಿಶಾಚಿಗಳನ್ನ ತಂದು ಬಿಡ್ತಾನೆ. ಕೆರೆ ಯಾವಾಗಲೋ ಸತ್ತಿತ್ತು. ನೀವು ಹೆಣ ನೋಡೋಕೆ ಬಂದಿದೀರಿ."

"ಚಂದ್ರಾಮಪ್ಪನ ಹೆಸರು ಮೊದಲು ಹೇಳಿದ್ದು ನೀವಂತೆ?" ಎಂದಳು ಸಾಲೇಹಾ.

"ನೊರೆ ಎಲ್ಲಿಂದ ಬಂತು ಅಂತ ಜನ ಕೇಳಿದ್ರು. ಆ ಪೈಪಿನ ಬೀಗದಕೈ ಇರೋದು ಅವನ ಹತ್ರ ಅಂದೆ. ಅಷ್ಟೇ. ಹೊಡೀರಿ ಅಂತ ನಾನೇನು ಹೇಳ್ಲಿಲ್ಲ."

ಮಾತು ನಿಜವೇ. ಅಷ್ಟು ದೊಡ್ಡವರ ಬಾಯಿಂದ ಬಂದ ಮೇಲೆ ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ.

ಮಧ್ಯಾಹ್ನ ಸಾಲೇಹಾ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದಳು. ನಿವಾಸಿಗಳ ಸಂಘದ ಕಾರ್ಯದರ್ಶಿ ಮೂಗಿಗೆ ಕರ್ಚೀಫ್ ಒತ್ತಿಕೊಂಡೇ ಮಾತಾಡಿದ. "ಮೇಡಂ, ಒಂದು ಕ್ಲಿಯರ್ ಮಾಡ್ಬಿಡ್ತೀನಿ. ಅವನು ನಮ್ಮ ಸ್ಟಾಫ್ ಅಲ್ಲ. ಏಜೆನ್ಸಿ ಕಡೆಯೋನು. ಅವನೇನಾದ್ರೂ ಮಾಡಿದ್ರೆ ನಮಗೂ ಅದಕ್ಕೂ ಸಂಬಂಧ ಇಲ್ಲ."

"ಮೂರು ವರ್ಷದಿಂದ ನಿಮ್ಮ ಹೇಲು ತೊಳೀತಿದಾನಲ್ಲ, ಅದಕ್ಕೂ ಸಂಬಂಧ ಇಲ್ವಾ?" ಎಂದ ಮುತ್ತಣ್ಣ. ಸಾಲೇಹಾ ಅವನನ್ನು ತಡೆಯಲಿಲ್ಲ.

ಕೆರೆಯ ಕಡೆಗಿನ ಕೊಳವೆ ತೆರೆದು ನೋಡಿದರು. ಒಳಗೆ ಒಣಗಿದ ಜೇಡರ ಬಲೆ ಕಟ್ಟಿತ್ತು, ಹೊರಗೆ ನೆಲ ಬಿರುಕು ಬಿಟ್ಟಿತ್ತು. ಮೂಲೆಯಲ್ಲೊಂದು ಗಾಜಿನ ತೊಟ್ಟಿ ಇತ್ತು. ಶುದ್ಧವಾಗಿ ಬಂದ ನೀರನ್ನೇ ಅದಕ್ಕೆ ತುಂಬಿ ಬಣ್ಣದ ಮೀನು ಬಿಡುವುದು ಇಂಥ ಕಡೆಯ ಪದ್ಧತಿ, ತಪಾಸಣೆಗೆ ಬಂದವರಿಗೆ ತೋರಿಸಲು. ಮೀನುಗಳು ಆರಾಮವಾಗಿ ಈಜಿಕೊಂಡಿದ್ದವು. ಸಾಲೇಹಾ ಅವನ್ನು ನೋಡುತ್ತ ನಿಂತಳು. ಈ ನೀರು ಕುಡಿದು ಇವು ಬದುಕಿವೆ ಅಂದರೆ ಅಲ್ಲಿ ಅಷ್ಟು ಮೀನು ಸತ್ತದ್ದು ಹೇಗೆ? ಆದರೆ ತೊಟ್ಟಿಯ ಮೀನನ್ನು ನಂಬಿ ಎಫ್‌ಐಆರ್‌ನಿಂದ ಹೆಸರು ತೆಗೆಯಲಾಗುವುದಿಲ್ಲ. ಪ್ರಯೋಗಾಲಯದ ವರದಿ ಬೇಕು.

ಮರುದಿನ ಠಾಣೆಯ ಗೇಟಿನ ಬಳಿ ಜಟ್ಟೆಮ್ಮ ನಿಂತಿದ್ದಳು. ಪಕ್ಕದಲ್ಲಿ ಒಂದು ಟ್ರಂಕು, ಎರಡು ಪಾತ್ರೆ, ಸುತ್ತಿದ ಚಾಪೆ.

"ಏನಮ್ಮಾ ಇದೆಲ್ಲ?"

"ಮನಿ ಖಾಲಿ ಮಾಡಿಸ್ಯಾರ್ರಿ. ಗಂಗಲಕ್ಷ್ಮಮ್ಮಾರ ಹಿತ್ತಲದಾಗ ತಗಡಿನ ರೂಮಿನ್ಯಾಗ ಬಾಡಿಗಿ ಇದ್ದಿವ್ರಿ. ವಿಷ ಹಾಕಿದವರ ಸಾಮಾನು ನಮ್ಮ ಕಾಂಪೌಂಡಿನ್ಯಾಗ ಇರಬಾರದು ಅಂದ್ರು."

"ನಿಮ್ಮ ಯಜಮಾನರು ಹೇಗಿದಾರೆ?"

"ಒಂದು ಕಣ್ಣು ಹೋಗ್ತೈತಂತ್ರಿ. ತಲ್ಯಾಗ ರಕ್ತ ಹೆಪ್ಪುಗಟ್ಟೈತಿ, ಉಳಿಯೂದು ನಾಳಿ ಗೊತ್ತಾಗ್ತೈತಿ ಅಂದಾರ." ಜಟ್ಟೆಮ್ಮ ಅಳಲಿಲ್ಲ. ಅವಳ ದನಿಯಲ್ಲಿದ್ದದ್ದು ಉರಿ. "ಉಳೀಲಿ ಬಿಡಲಿ, ವಿಷ ಹಾಕಿದಂವ ಅನಿಸ್ಕೊಂಡು ಸಾಯಬಾರದ್ರಿ ಅಂವ. ಆ ಪೊಲೀಸಪ್ಪನ್ನ ಮಂಚದ ಬಾಜೂದಿಂದ ಎಬ್ಬಸ್ರಿ. ಬಂದವರೆಲ್ಲ ಕೇಳ್ತಾರ, ಏನ್ ಮಾಡ್ಯಾನ ಇವ ಅಂತ."

ಸಾಲೇಹಾ ಟ್ರಂಕು ಠಾಣೆಯೊಳಗೆ ಇರಿಸಿದಳು. ತನ್ನ ಮೇಲೇ ಕೋಪ ಬಂತು. ಎಫ್‌ಐಆರ್ ಕೆಳಗಿನ ಸಹಿ ತನ್ನದೇ ತಾನೇ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಪ್ರಯೋಗಾಲಯದಿಂದ ನಾಜಿಶ್ ಫೋನ್ ಮಾಡಿದಳು. ಮೀನಿನ ರೋಗ ಪರೀಕ್ಷಿಸುವ ವಿಜ್ಞಾನಿ, ಫ್ರೇಜರ್ ಟೌನ್‌ನವಳು, ಮಾತಿಗೆ ಮುಂಚೆ ಜಗಳ ತೆಗೆಯುವವಳು.

"ಸಾಲೇಹಾ ಆಪಾ, ಇದು ಕೊಳಚೆ ನೀರಿನ ಕೆಲಸ ಅಂತ ಯಾರು ಹೇಳಿದ್ದು? ಅವರನ್ನ ನನ್ನ ಹತ್ರ ಕಳ್ಸಿ."

"ಯಾಕೆ?"

"ಕೊಳಚೆ ಹೆಚ್ಚಾದ್ರೆ ನೀರಲ್ಲಿ ಉಸಿರು ಇರಲ್ಲ, ಮೀನು ಉಸಿರುಕಟ್ಟಿ ಸಾಯತ್ತೆ. ಆದ್ರೆ ಕೊರವ, ಕ್ಯಾಟ್‌ಫಿಶ್ ಇವೆಲ್ಲ ಮೇಲೆ ಬಂದು ಗಾಳಿ ಕುಡಿದು ಬದುಕ್ತಾವೆ. ಇಲ್ಲಿ ಅವೂ ಸತ್ತಿವೆ. ಕಿವಿರು ನೋಡಿದೆ, ರಕ್ತಕಣ ಒಡೆದುಹೋಗಿವೆ. ನೀರಲ್ಲಿ ಸಿಕ್ಕಿರೋದು ಹಿಪ್ಪೆ ಹಿಂಡಿ."

"ಹಿಪ್ಪೆ ಮರದ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ?"

"ಅದೇ. ಅದಕ್ಕೆ ಸೋಪಿನ ಗುಣ ಇದೆ. ನೊರೆ ಬಂದದ್ದು ಅದರಿಂದಲೇ. ಮನುಷ್ಯರಿಗೆ ಏನೂ ಆಗಲ್ಲ, ಮೀನಿಗೆ ಮಾತ್ರ ಯಮ. ಸಾಕಣೆ ಕೊಳಕ್ಕೆ ಹೊಸ ಮರಿ ಬಿಡೋಕೆ ಮುಂಚೆ ಹಳೇ ಮೀನು ಎಲ್ಲಾ ಕೊಲ್ಲೋಕೆ ಇದನ್ನ ಹಾಕ್ತಾರೆ. ಎರಡು ಮೂರು ವಾರಕ್ಕೆ ವಿಷ ಇಳಿದು ಗೊಬ್ಬರ ಆಗತ್ತೆ. ಇನ್ನೊಂದು ಮಾತು ಆಪಾ. ನಿಮ್ಮ ಕಾನ್‌ಸ್ಟೇಬಲ್‌ಗಳು ಸಣ್ಣ ಮೀನು ಯಾಕೆ ಎತ್ಕೊಂಡ್ಬಂದಿಲ್ಲ? ನಮ್ಮ ಕುಂಟೆಗಳಲ್ಲಿ ಪಕ್ಕೆ ಇದ್ದೇ ಇರತ್ತೆ. ಬೆರಳುದ್ದ, ಬೆಳ್ಳಗೆ, ಬಾಲದ ಹತ್ರ ಕಪ್ಪು ಚುಕ್ಕೆ."

ಸಾಲೇಹಾ ಪಂಚನಾಮೆ ತೆಗೆದು ಓದಿದಳು. ಜಿಲೇಬಿ, ಕೊರವ, ಆಫ್ರಿಕನ್ ಕ್ಯಾಟ್‌ಫಿಶ್. ಪಕ್ಕೆ ಇಲ್ಲ. ಫೋಟೋಗಳನ್ನು ಹಿಗ್ಗಿಸಿ ನೋಡಿದಳು; ದಂಡೆಯ ಕೆಸರಿನಲ್ಲೂ ಇಲ್ಲ. ಲಾಕಪ್ಪಿನಿಂದ ದುರ್ಗೇಶನನ್ನು ಕರೆಸಿದಳು.

"ಕುಂಟೆಯಲ್ಲಿ ಪಕ್ಕೆ ಇತ್ತಾ?"

"ಇತ್ತು ಮೇಡಂ, ಬತ್ತಿದ ನೀರಲ್ಲಿ ಬಡ್ಡಿಮಗಂದು ಒಂದೇ ಮೂಲೇಲಿ ಗುಂಪಾಗಿತ್ತು. ಕೊರವನ ಗಾಳಕ್ಕೆ ಸಿಕ್ಕಿಸೋಕೆ ಹಿಡೀತಿದ್ದೆ. ಹೋದ ವಾರ ಹೋದ್ರೆ ಒಂದೂ ಸಿಗ್ಲಿಲ್ಲ. ನನ್ನ ಕ್ಯಾಟ್‌ಫಿಶ್ಶೇ ತಿಂದು ಮುಗಿಸ್ತು ಅಂದ್ಕೊಂಡೆ."

"ಹಿಪ್ಪೆ ಹಿಂಡಿ ತಂದಿದ್ಯಾ?"

"ನನ್ನ ಮೀನಿಗೆ ನಾನೇ ಮಣ್ಣು ಹಾಕ್ತೀನಾ? ತಲೆ ಕೆಟ್ಟಿದ್ಯಾ ನಂಗೆ?"

ಹೊಡೆಯುವುದರಲ್ಲಿ ಅವನದು ಎತ್ತಿದ ಕೈ, ಸುಳ್ಳು ಹೇಳುವುದರಲ್ಲಿ ಅಲ್ಲ. ವಿಷ ಬೀಳುವ ಮುಂಚೆಯೇ ಪಕ್ಕೆಗಳನ್ನು ಯಾರೋ ಕುಂಟೆಯಿಂದ ಹೊರಗೆ ಸಾಗಿಸಿದ್ದಾರೆ. ಕೊಲ್ಲಲು ಬಂದವರು ಒಂದು ಜಾತಿಯನ್ನು ಮಾತ್ರ ಉಳಿಸಿದ್ದಾರೆ. ಸಾಲೇಹಾ ಟೋಪಿ ಎತ್ತಿಕೊಂಡಳು.

ಕೆರೆ ಉಳಿಸುವ ಸಮಿತಿಯವರು ನೋಡಿಕೊಳ್ಳುವ ದಂಡೆಯ ಪಾರ್ಕಿನ ಶೆಡ್ಡಿನಲ್ಲಿ ಸಲಿಕೆ, ಪೈಪುಗಳ ಹಿಂದೆ ಹನ್ನೆರಡು ಖಾಲಿ ಚೀಲ ಮಡಚಿಟ್ಟಿದ್ದರು. ಮುತ್ತಣ್ಣ ಒಂದರೊಳಗೆ ಉಳಿದಿದ್ದ ಪುಡಿಯನ್ನು ಬಕೆಟ್ ನೀರಿಗೆ ಉದುರಿಸಿ ಕಡ್ಡಿಯಿಂದ ಕಲಕಿದ. ಬಟ್ಟೆ ಒಗೆಯಲು ನೆನೆಹಾಕಿದಂತೆ ಬಿಳಿ ನೊರೆ ಎದ್ದಿತು. ಗಿಡಕ್ಕೆ ನೀರು ಬಿಡುತ್ತಿದ್ದ ಪಾರ್ಕಿನ ಕೆಲಸದಾಕೆ ಲಕ್ಷ್ಮಿದೇವಿಯನ್ನು ಕರೆದರು.

"ಇದು ಏನಮ್ಮಾ?"

"ಗೊಬ್ಬರ ಮೇಡಂ. ಹಿಂಡಿ. ಸಮಿತಿ ಲೆಕ್ಕದಲ್ಲಿ ಅಧ್ಯಕ್ಷೆ ಅಮ್ಮ ತರಿಸಿದ್ದು."

"ಗಿಡಕ್ಕೆ ಹಾಕಿದ್ರಾ?"

"ಇಲ್ಲ, ನೀರಿಗೆ. ಭಾನುವಾರ ನೆನೆಹಾಕಿದ್ವಿ. ಸೋಮವಾರ ಸಂಜೆ ಪಾರ್ಕ್ ಗೇಟ್ ಹಾಕಿದ್ಮೇಲೆ ಸುತ್ತಲೂ ಎರಚಿದ್ವಿ. ನೀರು ತಿಳಿಯಾಗತ್ತೆ ಅಂದ್ರು ಅಮ್ಮ. ಕೈಯೆಲ್ಲ ಸೋಪ್ ಹಾಕ್ದಂಗೆ ಜಾರ್ತಿತ್ತು."

"ಸಣ್ಣ ಮೀನು?"

ಲಕ್ಷ್ಮಿದೇವಿ ಮುಖ ಅರಳಿಸಿದಳು. "ಅದಾ? ಅದನ್ನ ಅದಕ್ಕೂ ಮುಂಚೇನೆ ಹಿಡಿದ್ವಿ. ನನ್ನ ಹಳೇ ಸೀರೆ ಒಂದ್ಕಡೆ ನಾನು, ಒಂದ್ಕಡೆ ಅಮ್ಮ ಹಿಡ್ಕೊಂಡು ಬಳಿದ್ವಿ. ಮೂರು ದಿನ. ಒಂದು ಮರಿ ಬಿಡಲಿಲ್ಲ ಅಮ್ಮ. ಬಿಂದಿಗೇಲಿ ಹೊತ್ಕೊಂಡು ಹೋದ್ವಿ ಟೆರೇಸಿಗೆ."

"ಇದನ್ನ ಯಾಕಮ್ಮಾ ಯಾರಿಗೂ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ವಲ್ಲ ಮೇಡಂ. ಎಲ್ರೂ ಆ ಯಪ್ಪನ್ನ ಹೊಡೀತಿದ್ರು."

ಹೇಳಿ ಮುಗಿಸುವಷ್ಟರಲ್ಲಿ ತಾನು ಹೇಳಿದ್ದು ಏನೆಂದು ಅವಳಿಗೇ ಹೊಳೆಯಿತು. ಪೈಪು ಕೈಯಿಂದ ಬಿದ್ದು ನೀರು ಹಾದಿಗೆ ಹರಿಯಿತು.

ಮಧ್ಯಾಹ್ನ ಮೂರು ಗಂಟೆಗೆ ಪಂಚರೊಂದಿಗೆ ಸಾಲೇಹಾ ಗಂಗಲಕ್ಷ್ಮಮ್ಮನ ಮನೆಗೆ ಹೋದಳು. ತಗಡಿನ ಕೋಣೆಯಲ್ಲಿ ಉಳಿದಿದ್ದ ಒಲೆ, ದೇವರ ಪಟ ತೆಗೆದುಕೊಳ್ಳಲು ಬಂದಿದ್ದ ಜಟ್ಟೆಮ್ಮ ಹಿತ್ತಲಲ್ಲೇ ಇದ್ದಳು. ಪೊಲೀಸರು ಮೆಟ್ಟಿಲು ಹತ್ತುವುದನ್ನು ಕಂಡು ಪಟವನ್ನು ಕಂಕುಳಲ್ಲಿ ಇರುಕಿಕೊಂಡು ತಾನೂ ಹತ್ತಿದಳು. ಅವಳನ್ನು ಯಾರೂ ತಡೆಯಲಿಲ್ಲ.

ಟೆರೇಸಿನ ಮೇಲೆ ನಾಲ್ಕು ಸಿಮೆಂಟ್ ತೊಟ್ಟಿಗಳಿದ್ದವು. ಮೇಲೆ ತೆಂಗಿನ ಗರಿಯ ನೆರಳು, ಒಳಗೆ ಗಾಳಿಗುಳ್ಳೆ ಬಿಡುವ ಮೋಟಾರು, ತೇಲುವ ಸೊಪ್ಪು. ಹಸುಗೂಸಿನ ತೊಟ್ಟಿಲಿಗೂ ಇಷ್ಟು ಆರೈಕೆ ಇರುವುದಿಲ್ಲ. ಗಂಗಲಕ್ಷ್ಮಮ್ಮ ಚೊಂಬಿನಿಂದ ನೀರು ಬದಲಿಸುತ್ತಿದ್ದರು.

"ಹಿಪ್ಪೆ ಹಿಂಡಿ ತರಿಸಿದ್ದು ನೀವೇ?"

"ಹೌದು."

"ಯಾಕೆ?"

ಚೊಂಬು ಕೆಳಗಿಟ್ಟರು. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ.

"ಕೊಳ ಕೆಟ್ಟಾಗ ಏನು ಮಾಡ್ಬೇಕೋ ಅದನ್ನೇ ಮಾಡಿದೆ. ಸರ್ವೀಸಿನುದ್ದಕ್ಕೂ ಅದೇ ತಾನೇ ಮಾಡಿದ್ದು. ಒಳ್ಳೇ ಮರಿ ತೆಗೆದಿಟ್ಟು, ಹಿಂಡಿ ಹಾಕಿ, ಪಿಶಾಚಿ ಮೀನೆಲ್ಲ ಸತ್ತ ಮೇಲೆ ತಿರುಗಿ ಬಿಡೋದು."

"ಅದು ಸಾಕಣೆ ಕೊಳ ಅಲ್ಲ ಅಮ್ಮಾ. ಕೆರೆ. ಹಂಗೆ ಮಾಡೋ ಅಧಿಕಾರ ಯಾರು ಕೊಟ್ರು ನಿಮಗೆ?"

"ಅದನ್ನ ಹಾಳು ಮಾಡೋಕೆ ಅವರಿಗೆ ಯಾರು ಕೊಟ್ರು?" ದನಿ ಏರಿತು. "ಹೇಳದ ಆಫೀಸಿಲ್ಲ, ಬೇಡದ ಬಾಗಿಲಿಲ್ಲ. ಮೀನು ಅಂದ್ರೆ ತಿನ್ನೋದು ಅಂತಲೇ ಎಲ್ರಿಗೂ. ಇಷ್ಟುದ್ದದ ಮೀನಿಗೆ ಇಷ್ಟು ಗಲಾಟೆನಾ ಅಂತ ನಕ್ಕರು. ದುರ್ಗೇಶ ಮುಖಕ್ಕೇ ಉಗಿದ. ನಮ್ಮಮ್ಮ ಇದೇ ಕುಂಟೇಲಿ ಸೀರೆ ಒಡ್ಡಿ ಪಕ್ಕೆ ಹಿಡಿದು ನಮ್ಮನ್ನ ಸಾಕಿದ್ದು. ಗದ್ದೆ ಹೋಯ್ತು, ತೋಪು ಹೋಯ್ತು, ನನ್ನ ಕಣ್ಮುಂದೆ ಉಳಿದಿದ್ದು ಇದೊಂದೇ ಜೀವ."

"ಚಂದ್ರಾಮಪ್ಪನ ಹೆಸರು ಯಾಕೆ ಹೇಳಿದ್ರಿ?"

"ನೊರೆ ಇಷ್ಟು ಏಳತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಜನ ಕೇಳಿಬಿಟ್ರು. ಬಾಯಿಗೆ ಬಂದದ್ದು ಹೇಳಿದೆ."

ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕತೆ ಸಾಲೇಹಾ ಕೇಳಿದ್ದಳು. ಆ ಮೇಕೆ ಕೋತಿಯ ಹಿತ್ತಲಲ್ಲೇ ಬಾಡಿಗೆಗಿದ್ದದ್ದು ಇದೇ ಮೊದಲು.

"ಈ ಟೆರೇಸಿನಿಂದ ಹೊಂಗೆಮರ ಕಾಣತ್ತೆ. ಅವನನ್ನ ಹೊಡೀತಿದ್ದಾಗ ನೀವೆಲ್ಲಿದ್ರಿ?"

"ಇಲ್ಲೇ."

"ಕಂಡಿತಾ?"

"ಕಂಡಿತು."

"ಏನ್ ಮಾಡ್ತಿದ್ರಿ?"

ಗಂಗಲಕ್ಷ್ಮಮ್ಮ ತೊಟ್ಟಿಯ ಕಡೆ ನೋಡಿದರು. "ನೀರು ಬದಲಾಯಿಸ್ತಿದ್ದೆ. ಆ ಹೊತ್ತಿಗೆ ಬದಲಾಯಿಸದಿದ್ರೆ ಸಾಯ್ತವೆ." ಯಾರನ್ನೂ ನೋಡದೆ ಹೇಳಿದರು: "ಮನುಷ್ಯರಿಗೇನು ಬರ ಈ ಊರಲ್ಲಿ? ಒಬ್ಬ ಹೋದ್ರೆ ಇನ್ನೊಬ್ಬ ಬರ್ತಾನೆ. ಇದು ಹೋದ್ರೆ ಬರಲ್ಲ."

ಜಟ್ಟೆಮ್ಮ ಮುಂದೆ ಬಂದಳು. ಮುತ್ತಣ್ಣ ಅಡ್ಡಬರಲು ಹೋದ, ಸಾಲೇಹಾ ಕೈಸನ್ನೆ ಮಾಡಿದಳು. ಜಟ್ಟೆಮ್ಮ ತೊಟ್ಟಿಯ ಮೇಲೆ ಬಾಗಿ ನೋಡಿದಳು. ಬೆರಳುದ್ದದ ಬೆಳ್ಳಿ ಮೀನುಗಳು, ಬಾಲದ ಹತ್ತಿರ ಒಂದೊಂದು ಕಪ್ಪು ಚುಕ್ಕೆ, ನೆರಳು ಬಿದ್ದೊಡನೆ ಒಟ್ಟಾಗಿ ಆಚೆ ಸರಿದವು.

"ಇವಕ್ಕೇನ್ರಿ?" ಎಂದಳು. ಆಮೇಲೆ ಗಂಗಲಕ್ಷ್ಮಮ್ಮನ ಮುಖ ನೇರ ನೋಡಿ ಕೇಳಿದಳು: "ನಮ್ಮನಿಯವ್ರು ಹೋದ್ರ ನನಗ ಇನ್ನೊಬ್ರು ಬರ್ತಾರೇನ್ರಿ ಅಮ್ಮಾರ?"

ಗಂಗಲಕ್ಷ್ಮಮ್ಮ ಚೊಂಬನ್ನು ಮತ್ತೆ ಕೈಗೆತ್ತಿಕೊಂಡರು. ಕೆಳಗೆ ಬೀದಿಯಲ್ಲಿ ಯಾರೋ ಹಾರ್ನ್ ಬಡಿಯುತ್ತಲೇ ಇದ್ದರು.

ಮೂರೂಮುಕ್ಕಾಲಿಗೆ ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ ಬಂಧನವಾಯಿತು. ನಾಲ್ಕು ತೊಟ್ಟಿ ಮೀನೂ ಪ್ರಕರಣದ ಮುದ್ದೆಮಾಲು ಎಂದು ಜಪ್ತಿ ಪಂಚನಾಮೆಯಲ್ಲಿ ಬರೆದರು. ಪಕ್ಕೆಯ ಹೆಸರು ಕೊನೆಗೂ ಸರ್ಕಾರಿ ಕಾಗದಕ್ಕೆ ಬಿತ್ತು. ಅವನ್ನು ನಾಜಿಶ್ ಬಂದು ಒಯ್ಯುವುದೆಂದಾಯಿತು. ಜೀಪು ಹತ್ತುವಾಗ ಗಂಗಲಕ್ಷ್ಮಮ್ಮ ಕೇಳಿದ್ದು ಒಂದೇ, ಸಂಜೆ ನೀರು ಬದಲಾಯಿಸುವವರು ಯಾರು ಎಂದು. ಲಕ್ಷ್ಮಿದೇವಿ ಕಾಂಪೌಂಡಿನಾಚೆ ಮುಖ ತಿರುಗಿಸಿ ನಿಂತಿದ್ದಳು. ತನ್ನ ಹೇಳಿಕೆಯಲ್ಲಿ ಗಂಗಲಕ್ಷ್ಮಮ್ಮ ವಕೀಲರನ್ನೂ ಕೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಒಂದು ಸಣ್ಣ ಜೀವದ ಮೇಲೆ ಇಟ್ಟ ಪ್ರೀತಿ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದ ವರ್ಷಗಳಲ್ಲಿ ಹುಳಿ ಹಿಡಿದು, ಉಳಿದವರೆಲ್ಲರ ಮೇಲಿನ ದ್ವೇಷವಾಗಿತ್ತು. ಅದು ಆಕೆಗೂ ಗೊತ್ತಿದ್ದಂತೆ ಕಾಣಲಿಲ್ಲ.

ಚಂದ್ರಾಮಪ್ಪನ ಹೆಸರು ಕೈಬಿಡುವ ವರದಿಗೆ ಸಹಿ ಹಾಕಿ ಸಾಲೇಹಾ ಸಂಜೆ ಆಸ್ಪತ್ರೆಗೆ ಹೋದಳು, ಜೊತೆಗೆ ಜಟ್ಟೆಮ್ಮನನ್ನೂ ಕರೆದುಕೊಂಡು. ತಲೆಯ ಶಸ್ತ್ರಚಿಕಿತ್ಸೆ ಮುಗಿದಿತ್ತು. ಜೀವಕ್ಕೆ ಅಪಾಯವಿಲ್ಲ, ಎಡಗಣ್ಣು ಮಾತ್ರ ಉಳಿಯಲಿಲ್ಲ ಎಂದರು ಡಾಕ್ಟರು.

ಮಂಚದ ಪಕ್ಕ ಕೂತಿದ್ದ ಕಾನ್‌ಸ್ಟೇಬಲ್ ಎದ್ದು ಸೆಲ್ಯೂಟ್ ಹೊಡೆದ.

"ನಿನ್ನ ಡ್ಯೂಟಿ ಮುಗೀತು, ಹೊರಡು" ಎಂದಳು ಸಾಲೇಹಾ, ವಾರ್ಡಿನ ಆ ತುದಿಗೂ ಕೇಳುವಂತೆ. "ಇವರು ಯಾವ ತಪ್ಪೂ ಮಾಡಿಲ್ಲ."

ಪಕ್ಕದ ಮಂಚಗಳವರು ತಿರುಗಿ ನೋಡಿದರು. ಕಾನ್‌ಸ್ಟೇಬಲ್ ಎದ್ದ ಕುರ್ಚಿಯನ್ನು ಜಟ್ಟೆಮ್ಮ ಸೆರಗಿನಿಂದ ಒರೆಸಿ, ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು.